ಪುರುಷ ಹಾರ್ಮೋನಿನ ಇಳಿತ: ಚಿಕಿತ್ಸೆಯ ಚರಿತ್ರೆ

ವಯಸ್ಸಾದಂತೆ ಪುರುಷರ ದೇಹದಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಕಡಿಮೆಯಾಗುತ್ತ ಹೋಗುತ್ತದೆ. ಮುಖ್ಯವಾಗಿ ವೃಷಣಗಳಲ್ಲಿ ಉತ್ಪತ್ತಿಯಾಗುವ ಇದು ಕಾಮಾಸಕ್ತಿ, ಸ್ನಾಯುಬಲ, ಮೂಳೆಯ ಗಟ್ಟಿತನ ಮತ್ತು ರಕ್ತಕಣಗಳ ಉತ್ಪತ್ತಿಗೆ ಬೇಕು. ನಡುವಯಸ್ಸಿನಿಂದಾಚೆಗೆ ಇದರ ಪ್ರಮಾಣ ವರ್ಷಕ್ಕೆ ಸರಾಸರಿ ಶೇ. 1ರಷ್ಟು ಇಳಿಯುತ್ತದೆ. ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುವಂತೆ ಇದು ಪೂರ್ತಿ ನಿಲ್ಲುವುದಿಲ್ಲ. ಆದ್ದರಿಂದ ಯಾವುದು ಸಹಜವಾದ ಮುಪ್ಪು, ಯಾವುದು ಕಾಯಿಲೆ ಎಂದು ಬಿಡಿಸಿ ಹೇಳುವುದೇ ಈ ಚರಿತ್ರೆಯುದ್ದಕ್ಕೂ ಕಠಿಣವಾಗಿದೆ.

ಪ್ರಾಚೀನ ಹಿನ್ನೆಲೆ

ಮಗ ಪೂರುವಿನಿಂದ ಯೌವನವನ್ನು ಪಡೆದ ಯಯಾತಿಯ ಕಥೆ ಮಹಾಭಾರತದ್ದು. ಗಿರೀಶ ಕಾರ್ನಾಡರು 1961ರಲ್ಲಿ ಅದನ್ನು ನಾಟಕವಾಗಿಸಿದರು. ಆಯುರ್ವೇದದ ಎಂಟು ಅಂಗಗಳಲ್ಲಿ ಮುಪ್ಪನ್ನು ಮುಂದೂಡುವ ರಸಾಯನ, ಪುರುಷಶಕ್ತಿ ಹೆಚ್ಚಿಸುವ ವಾಜೀಕರಣ ಎರಡೂ ಸೇರಿವೆ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಜ್ವರಕ್ಕಿಂತ ಮೊದಲು ಇವೆರಡನ್ನೇ ಹೇಳುತ್ತದೆ. ಸುಶ್ರುತಸಂಹಿತೆಯಲ್ಲಿ ಆಡಿನ ವೃಷಣವನ್ನು ಹಾಲಿನಲ್ಲಿ ಬೇಯಿಸುವ ಯೋಗವಿದೆ. ರಾಷ್ಟ್ರಕೂಟರ ಕಾಲದ ಜೈನ ವೈದ್ಯ ಉಗ್ರಾದಿತ್ಯನು ಸಂಸ್ಕೃತದಲ್ಲಿ ಬರೆದ ‘ಕಲ್ಯಾಣಕಾರಕ’ದಲ್ಲಿ ಮಾಂಸದ ಔಷಧಗಳನ್ನು ಒಪ್ಪಲಿಲ್ಲ.

ಗ್ರಂಥಿಯಿಂದ ಹಾರ್ಮೋನಿಗೆ

ಬೀಜ ಒಡೆದರೆ ಹೋರಿ ಸಾಧುವಾದ ಎತ್ತಾಗುತ್ತದೆ ಎಂಬುದು ರೈತರಿಗೆ ಹಿಂದಿನಿಂದಲೂ ಗೊತ್ತಿದ್ದ ಸಂಗತಿ. ಅದರ ಕಾರಣ ಬೆಳಕಿಗೆ ಬಂದದ್ದು 1849ರಲ್ಲಿ. ಜರ್ಮನಿಯ ಆರ್ನಾಲ್ಡ್ ಬೆರ್ಟೋಲ್ಡ್ ಎಳೆಯ ಹುಂಜಗಳ ವೃಷಣ ತೆಗೆದು, ಕೆಲವಕ್ಕೆ ಅದನ್ನು ಹೊಟ್ಟೆಯೊಳಗೆ ನಾಟಿ ಮಾಡಿದ. ನರಗಳ ಸಂಪರ್ಕ ಕಡಿದಿದ್ದರೂ ಅವಕ್ಕೆ ಕೆಂಪು ಜುಟ್ಟು ಬೆಳೆಯಿತು, ಕೂಗುವುದೂ ಕಾದಾಡುವುದೂ ಉಳಿಯಿತು. ವೃಷಣದಿಂದ ಯಾವುದೋ ವಸ್ತು ರಕ್ತದ ಮೂಲಕ ಹರಿಯುತ್ತದೆ ಎಂಬುದು ಇದರಿಂದ ತಿಳಿಯಿತು.

1889ರಲ್ಲಿ 72 ವಯಸ್ಸಿನ ವಿಜ್ಞಾನಿ ಬ್ರೌನ್-ಸೆಕಾರ್ಡ್, ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು, ಹರೆಯದ ಕಸುವು ಮರಳಿತೆಂದು ಪ್ಯಾರಿಸ್ಸಿನಲ್ಲಿ ಘೋಷಿಸಿದ. ಆ ವಿಧಾನದಲ್ಲಿ ರಸ ತಯಾರಿಸಿ ನೋಡಿದ ಆಸ್ಟ್ರೇಲಿಯಾದ ಸಂಶೋಧಕರು, ಅದರಲ್ಲಿ ಪರಿಣಾಮ ಬೀರುವಷ್ಟು ಹಾರ್ಮೋನೇ ಇಲ್ಲವೆಂದು 2002ರಲ್ಲಿ ತೋರಿಸಿದರು. ಅವನಿಗಾದ ಅನುಭವ ನಂಬಿಕೆಯ ಫಲ. 1920ರ ದಶಕದಲ್ಲಿ ಶಸ್ತ್ರವೈದ್ಯ ವೊರೊನೊಫ್ ಕೋತಿಗಳ ವೃಷಣದ ಚೂರುಗಳನ್ನು ಸಿರಿವಂತರಿಗೆ ಕಸಿ ಮಾಡಿದ. ಅದೂ ಸುಳ್ಳಾಯಿತು.

1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕರ್ ತಂಡ ಸುಮಾರು 100 ಕಿಲೋ ಹೋರಿ ವೃಷಣಗಳಿಂದ 10 ಮಿಲಿಗ್ರಾಂ ಹಾರ್ಮೋನನ್ನು ಬೇರ್ಪಡಿಸಿ ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟಿತು. ಅದೇ ವರ್ಷ ಬ್ಯುಟೆನಾಂಟ್ ಮತ್ತು ರುಜಿಚ್ಕಾ ಅದನ್ನು ಕೃತಕವಾಗಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಅವರಿಬ್ಬರಿಗೆ ಸಂದಿತು.

ಔಷಧ ಮತ್ತು ಎಚ್ಚರ

ಚುಚ್ಚುಮದ್ದು, ಮಾತ್ರೆ, ಪಟ್ಟಿ, ಮುಲಾಮುಗಳ ರೂಪದಲ್ಲಿ ಈ ಔಷಧ ಬಂದಂತೆ ಬಳಕೆಯೂ ಹೆಚ್ಚಿತು. 2010ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವು 40ರಿಂದ 79 ವಯಸ್ಸಿನವರಲ್ಲಿ ಲಕ್ಷಣ ಮತ್ತು ಕೊರತೆ ಎರಡೂ ಇದ್ದವರು ಶೇ. 2ರಷ್ಟು ಮಾತ್ರ ಎಂದು ಕಂಡಿತು. ಹೃದ್ರೋಗವಿದ್ದ ಅಥವಾ ಅದರ ಅಪಾಯ ಹೆಚ್ಚಿದ್ದ 5,200ಕ್ಕೂ ಹೆಚ್ಚು ಪುರುಷರ 2023ರ ಅಧ್ಯಯನದಲ್ಲಿ ಈ ಔಷಧ ಪಡೆದವರಿಗೆ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಹೃದಯಬಡಿತದ ಏರುಪೇರು ಮತ್ತು ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚು ಕಂಡವು. ಹೊರಗಿನಿಂದ ಹಾರ್ಮೋನು ಕೊಟ್ಟರೆ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಸಂಕೇತ ಕಳಿಸುವುದನ್ನು ತಗ್ಗಿಸುತ್ತದೆ, ವೀರ್ಯಾಣುಗಳು ಕುಗ್ಗುತ್ತವೆ. ಮಕ್ಕಳನ್ನು ಬಯಸುವವರಿಗೆ ಇದು ದೊಡ್ಡ ನಷ್ಟ.

ವಿಜಯನಗರ ಜಿಲ್ಲೆಯ ತಾಲ್ಲೂಕುಗಳಲ್ಲಿ

ಈ ಚರಿತ್ರೆ ಹಳ್ಳಿಗಾಡಿನಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಈ ಜಿಲ್ಲೆ ಒಂದು ಉದಾಹರಣೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆ ಮದ್ರಾಸ್ ರಾಜ್ಯದಿಂದ 1953ರಲ್ಲಿ ಮೈಸೂರು ರಾಜ್ಯಕ್ಕೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. 1961ರಲ್ಲಿ ಬಳ್ಳಾರಿಯಲ್ಲಿ, 1965ರಲ್ಲಿ ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದವು. ತಜ್ಞರನ್ನು ಕಾಣಲು ಇಲ್ಲಿನವರು ಇಂದಿಗೂ ಈ ಎರಡು ಊರುಗಳತ್ತ ಬಸ್ಸು ಹತ್ತುತ್ತಾರೆ.

ಮಳೆ ನಂಬಿದ ಬೇಸಾಯ, ಕುರಿ ಸಾಕಣೆ, ಗುಳೆ ಹೋಗುವ ದುಡಿಮೆಯ ನಾಡಿದು. ಮೈ ದಣಿವನ್ನು ಗಂಡಸರು ‘ಸುಸ್ತು’, ‘ನಿತ್ರಾಣ’ ಎನ್ನುತ್ತಾರೆ; ಮಂಚದ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆ ಸಂಕೋಚವೇ ‘ನರದೌರ್ಬಲ್ಯ’, ‘ಗುಪ್ತರೋಗ’ ಎಂಬ ಗೋಡೆಬರಹಗಳ ಬಂಡವಾಳ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ನೀಡುವುದನ್ನು 1954ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ವೀರ್ಯ ಸೋರಿ ಶಕ್ತಿ ಕುಂದಿತೆಂಬ ಕೊರಗನ್ನು ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಗುರುತಿಸಿದರು. ಆ ಕೊರಗಿಗೆ ಬೇಕಾದದ್ದು ತಿಳಿವಳಿಕೆ, ಸಾಂತ್ವನ, ಹಾರ್ಮೋನಲ್ಲ.

ಇಂದಿನ ಕ್ರಮ

ಲಕ್ಷಣಗಳಿದ್ದು, ಎರಡು ಬೇರೆ ದಿನ ಬೆಳಗಿನ ಹೊತ್ತು ತೆಗೆದ ರಕ್ತದಲ್ಲಿ ಪ್ರಮಾಣ ಕಡಿಮೆ ಬಂದರೆ ಮಾತ್ರ ಕೊರತೆ ಎನ್ನಬೇಕು. ಡೆಸಿಲೀಟರಿಗೆ 300 ನ್ಯಾನೊಗ್ರಾಂ ಅಮೆರಿಕದ ಮೂತ್ರರೋಗ ತಜ್ಞರು ಬಳಸುವ ಗಡಿ. ಆಮೇಲೆ ಕಾರಣ ಹುಡುಕಬೇಕು: ಬೊಜ್ಜು, ಮದ್ಯ, ಮಂಗನಬಾವು ವೃಷಣಕ್ಕೆ ಇಳಿದದ್ದು, ಪಿಟ್ಯುಟರಿ ಗಡ್ಡೆ. ಎರಡನೇ ಬಗೆಯ ಸಕ್ಕರೆ ಕಾಯಿಲೆಯಿದ್ದ 103 ಪುರುಷರನ್ನು ಪರೀಕ್ಷಿಸಿದ ಧಿಂಡ್ಸಾ, ದಂಡೋನಾ ಮತ್ತಿತರರು ಮೂರನೇ ಒಂದು ಪಾಲಿನವರಲ್ಲಿ ಈ ಕೊರತೆಯಿದೆಯೆಂದು 2004ರಲ್ಲಿ ವರದಿ ಮಾಡಿದರು. ಆದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆ, ಬಿ.ಪಿ. ನೋಡಿಸುವುದೇ ಮೊದಲ ಹೆಜ್ಜೆ. ತೂಕ ಇಳಿದಾಗ ಹಲವರಲ್ಲಿ ಹಾರ್ಮೋನು ತಾನಾಗಿ ಏರುತ್ತದೆ. ನಿಜವಾದ ಕೊರತೆಯಿದ್ದವರಿಗೆ ಔಷಧ ಕೊಡುವಾಗ ಪ್ರಾಸ್ಟೇಟ್ ಮತ್ತು ರಕ್ತದ ಸಾಂದ್ರತೆಯನ್ನು ಆಗಾಗ ಪರೀಕ್ಷಿಸಬೇಕು. ಅಂಥವರಿಗೆ ಈ ಚಿಕಿತ್ಸೆ ಕಳೆದ ಯೌವನವನ್ನು ತಂದುಕೊಡದು. ಅವರ ವಯಸ್ಸಿಗೆ ಸಲ್ಲಬೇಕಾದ ಆರೋಗ್ಯವನ್ನು ಕೊಡಬಲ್ಲದು.