ಆಪ್ತನಿಗೆ ಪರವಾನಗಿ ಬೇಕೆ?

ನಗರದ ಯಾವ ದೊಡ್ಡ ರಸ್ತೆಯಲ್ಲಿ ನಡೆದರೂ ಈಗ ಒಂದು ಹೊಸ ಫಲಕ ಕಣ್ಣಿಗೆ ಬೀಳುತ್ತದೆ: ‘ಆಪ್ತ ಸಮಾಲೋಚಕರು’. ಪಕ್ಕದ ವೈದ್ಯರ ಫಲಕದಲ್ಲಿ ಹೆಸರಿನ ಕೆಳಗೆ ಪದವಿ, ಅದರ ಕೆಳಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಔಷಧದ ಅಂಗಡಿಯವರು ಪರವಾನಗಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ. ಆಪ್ತ ಸಮಾಲೋಚಕರ ಫಲಕದಲ್ಲಿ ಎಷ್ಟೋ ಸಲ ಇರುವುದು ಒಂದು ಹೆಸರು, ಒಂದು ಮೊಬೈಲ್ ನಂಬರು ಮಾತ್ರ. ಇತಿಹಾಸದಲ್ಲಿ ನಾನು ಬರೆಯುತ್ತಿರುವ ಮಹಾಪ್ರಬಂಧ ಒಪ್ಪಿತವಾದರೆ ನನ್ನ ಹೆಸರಿನ ಹಿಂದೆಯೂ ‘ಡಾ.’ ಬಂದು ಕೂರುತ್ತದೆ. ಅಂಥದ್ದೇ ಒಂದು ಫಲಕ ಬರೆಸಿ, ಎರಡು ಕುರ್ಚಿ ಹಾಕಿಕೊಂಡು ಕುಳಿತರೆ, ‘ನೀನು ಯಾವ ಡಾಕ್ಟರು?’ ಎಂದು ಕೇಳಬೇಕಾದವರು ಯಾರು?

ತಮಾಷೆಯಾಗಿ ಹುಟ್ಟಿದ ಪ್ರಶ್ನೆ ಇದು. ಉತ್ತರ ಹುಡುಕುತ್ತ ಹೋದರೆ ಸುಮಾರು ಎರಡೂವರೆ ಶತಮಾನದಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ. ಮನಸ್ಸಿನ ಆರೈಕೆಯ ವಿಷಯದಲ್ಲಿ ಸರ್ಕಾರಗಳು ಮೊದಲು ಪರವಾನಗಿ ಕೊಟ್ಟದ್ದು ಮನುಷ್ಯರಿಗಲ್ಲ, ಕಟ್ಟಡಗಳಿಗೆ.

1774ರಲ್ಲಿ ಇಂಗ್ಲೆಂಡಿನ ಸಂಸತ್ತು ಖಾಸಗಿ ಹುಚ್ಚಾಲಯಗಳನ್ನು ಹದ್ದುಬಸ್ತಿಗೆ ತರಲು ಒಂದು ಕಾಯ್ದೆ ಮಾಡಿತು. ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮನೋರೋಗಿಗಳನ್ನು ಇರಿಸಿಕೊಳ್ಳುವವರು ಪರವಾನಗಿ ಪಡೆಯಬೇಕಾಯಿತು. ಲಂಡನ್ನಿನಲ್ಲಿ ಅದನ್ನು ಕೊಡುವ, ವರ್ಷಕ್ಕೊಮ್ಮೆ ಒಳಗೆ ಹೋಗಿ ನೋಡುವ ಕೆಲಸ ವೈದ್ಯರ ಕಾಲೇಜು ಆರಿಸಿದ ಐವರು ಆಯುಕ್ತರಿಗೆ ಬಂತು. ಈ ಕಾಯ್ದೆಯ ಹಿಂದಿದ್ದ ದೊಡ್ಡ ಭಯ, ಹುಚ್ಚಿಲ್ಲದವರನ್ನೂ ಆಸ್ತಿಗಾಗಿಯೋ ಸಂಸಾರದ ಜಗಳಕ್ಕಾಗಿಯೋ ಕೂಡಿಹಾಕುತ್ತಾರೆಂಬುದು. ಆದ್ದರಿಂದಲೇ ಅದು ಬಾಗಿಲನ್ನು ಕಾಯಿತು, ಒಳಗೆ ನಡೆಯುವುದನ್ನು ಅಷ್ಟಾಗಿ ಕಾಯಲಿಲ್ಲ. ಹೋಗಿ ನೋಡಿದ ಆಯುಕ್ತರಿಗೆ ಕ್ರೌರ್ಯವೇ ಕಂಡರೂ ಆ ಕಾರಣಕ್ಕೆ ಪರವಾನಗಿಯನ್ನು ರದ್ದು ಮಾಡುವ ಅಧಿಕಾರ ಇರಲಿಲ್ಲ.

ಬಾಗಿಲು ಕಾಯುವ ಈ ಬುದ್ಧಿ ಆಳುವವರ ಜೊತೆ ಭಾರತಕ್ಕೂ ಬಂತು. ಬೆಂಗಳೂರಿನಲ್ಲಿ 1840ರ ದಶಕದಲ್ಲೇ ಹುಚ್ಚಾಸ್ಪತ್ರೆಯೊಂದು ಶುರುವಾಗಿತ್ತು. ಕಂಪನಿಯ ಆಡಳಿತ ಕೊನೆಗೊಂಡ 1858ರಲ್ಲೇ ಬ್ರಿಟಿಷ್ ಇಂಡಿಯಾಕ್ಕೆ ಹುಚ್ಚಾಲಯಗಳ ಕಾಯ್ದೆಯೂ ಬಂತು. ಅದರ ಜಾಗಕ್ಕೆ ಬಂದದ್ದು 1912ರ ಭಾರತೀಯ ಹುಚ್ಚುತನ ಕಾಯ್ದೆ. ಹುಚ್ಚಾಲಯವನ್ನು ಸರ್ಕಾರವೇ ಸ್ಥಾಪಿಸಬೇಕು, ಇಲ್ಲವೇ ಪರವಾನಗಿ ಕೊಡಬೇಕು. ರೋಗಿ ಒಳಗೆ ಹೋಗುವುದಕ್ಕೆ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಪ್ರತಿ ಹುಚ್ಚಾಲಯಕ್ಕೂ ಕನಿಷ್ಠ ಮೂವರು ಸಂದರ್ಶಕರನ್ನು ನೇಮಿಸಬೇಕು, ಅವರಲ್ಲಿ ಒಬ್ಬರಾದರೂ ವೈದ್ಯಾಧಿಕಾರಿ ಆಗಿರಬೇಕು. ತಿಂಗಳಿಗೊಮ್ಮೆಯಾದರೂ ಸಂದರ್ಶಕರು ಎಲ್ಲ ಭಾಗಗಳನ್ನೂ ನೋಡಿಬರಬೇಕು. ಇಷ್ಟು ಓದಿದರೆ ಕಾಳಜಿಯ ಕಾನೂನು ಅನ್ನಿಸುತ್ತದೆ. ಮುಂದಿನ ಒಂದು ಸಾಲು ಅದರ ಒಳಮನಸ್ಸನ್ನು ತೋರಿಸಿಕೊಡುತ್ತದೆ: ಕಾರಾಗೃಹಗಳ ಇನ್ಸ್‌ಪೆಕ್ಟರ್ ಜನರಲ್ ತನ್ನ ವ್ಯಾಪ್ತಿಯ ಎಲ್ಲ ಹುಚ್ಚಾಲಯಗಳಿಗೂ ಹುದ್ದೆಯ ಬಲದಿಂದಲೇ ಸಂದರ್ಶಕ. ಜೈಲನ್ನು ನೋಡಿಕೊಳ್ಳುವ ಕಣ್ಣೇ ಇದನ್ನೂ ನೋಡಿಕೊಳ್ಳಬೇಕಿತ್ತು.

ಅದೇ 1912ರಲ್ಲಿ ಮುಂಬೈ ಪ್ರಾಂತ್ಯ ಇನ್ನೊಂದು ಕಾಯ್ದೆ ಮಾಡಿತು. ಅದು ವೈದ್ಯರ ನೋಂದಣಿಯ ಕಾಯ್ದೆ. ಬೇರೆ ಪ್ರಾಂತ್ಯಗಳೂ ಆ ಹಾದಿ ಹಿಡಿದವು, 1933ರಲ್ಲಿ ಅಖಿಲ ಭಾರತ ಮಟ್ಟದ ವೈದ್ಯಕೀಯ ಪರಿಷತ್ತಿನ ಕಾಯ್ದೆಯೂ ಬಂತು. ಹೀಗೆ ಮಾತ್ರೆ ಬರೆದುಕೊಡುವ ಕೈಗೊಂದು ದಫ್ತರು, ರೋಗಿಯನ್ನು ಕೂಡಿಹಾಕುವ ಗೋಡೆಗೊಂದು ದಫ್ತರು ಸಿದ್ಧವಾದವು. ಎದುರು ಕುಳಿತು ದುಃಖ ಕೇಳಿಸಿಕೊಂಡು ಮಾತಾಡುವವರಿಗೆ ಯಾವ ದಫ್ತರೂ ಇರಲಿಲ್ಲ. ಅದೊಂದು ವೃತ್ತಿಯಾಗಬಹುದೆಂದು ಸರ್ಕಾರಕ್ಕೆ ಇನ್ನೂ ಹೊಳೆದಿರಲಿಲ್ಲ.

ಇದಕ್ಕೆ ಮುಖ್ಯ ಕಾರಣವೊಂದು ನಮ್ಮ ವಿಶ್ವವಿದ್ಯಾನಿಲಯಗಳಲ್ಲೇ ಇದೆ. ಮನಶ್ಶಾಸ್ತ್ರ ಇಲ್ಲಿಗೆ ಬಂದದ್ದು ಆಸ್ಪತ್ರೆಯ ಬಾಗಿಲಿನಿಂದಲ್ಲ, ತತ್ತ್ವಶಾಸ್ತ್ರದ ಪಡಸಾಲೆಯಿಂದ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, 1935ರಲ್ಲಿ ಮೈಸೂರಿಗೆ ಆಕಾಶವಾಣಿಯನ್ನು ತಂದವರೂ ಅವರೇ. ಅಲ್ಲಿ ಮನಸ್ಸು ಓದುವ, ಪ್ರಯೋಗ ಮಾಡುವ ವಿಷಯವಾಗಿತ್ತು. ಓದಿದವರು ಬಹುಮಟ್ಟಿಗೆ ಮೇಷ್ಟರಾದರು, ಮೇಷ್ಟರಿಗೆ ರೋಗಿಗಳಿರುವುದಿಲ್ಲ. ಮನಶ್ಶಾಸ್ತ್ರ ಕಲಿತಿದ್ದ ತ್ರಿವೇಣಿ ಕಾದಂಬರಿ ಬರೆದರು. ‘ಶರಪಂಜರ’ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದರೂ ಮನೆಯವರು ಅವಳನ್ನು ಗುಣವಾದವಳೆಂದು ನಂಬಲಾರರು. ವೈದ್ಯರಾಗಿದ್ದ ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’, ‘ಮನಮಂಥನ’ ಬರೆದರು, ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮಲ್ಲಿ ಎಷ್ಟೋ ಜನ ಮನಸ್ಸಿನ ಕಾಯಿಲೆಯ ಬಗ್ಗೆ ಮೊದಲು ತಿಳಿದದ್ದು ಚಿಕಿತ್ಸಾಲಯದಲ್ಲಲ್ಲ, ಪುಸ್ತಕಗಳಲ್ಲಿ.

ಈ ಎರಡು ದಾರಿಗಳು ಕೂಡಿದ್ದು ಬೆಂಗಳೂರಿನಲ್ಲಿ. ಮನೋವೈದ್ಯರನ್ನೂ ಜೊತೆಗಾರರನ್ನೂ ತಯಾರು ಮಾಡುವ ಸಂಸ್ಥೆ ಬೇಕೆಂದು 1946ರ ಭೋರ್ ಸಮಿತಿಯ ವರದಿ ಹೇಳಿತ್ತು. 1954ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆದವು. 1955ರಲ್ಲಿ ಅಲ್ಲಿ ವೈದ್ಯರಿಗೆ ಮನೋವೈದ್ಯಕೀಯ ಡಿಪ್ಲೊಮಾ, ಮನಶ್ಶಾಸ್ತ್ರ ಓದಿದವರಿಗೆ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ ಆರಂಭವಾದವು. ಕಾಲೇಜಿನ ಮನಶ್ಶಾಸ್ತ್ರ ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟಿತು, ಹಿರಿಯರ ಕಣ್ಣೆದುರು ರೋಗಿಗಳೊಡನೆ ಮಾತಾಡಿ ಕಲಿಯುವ ಪದ್ಧತಿ ಬಂತು. ಇಷ್ಟಾದರೂ ಕಲಿತು ಹೊರಗೆ ಬಂದವರ ಹೆಸರು ಬರೆದಿಡುವ ದಫ್ತರು ಇರಲಿಲ್ಲ.

ಆ ದಫ್ತರು ಸಿಕ್ಕಿದ್ದು 1992ರಲ್ಲಿ, ಯಾರೂ ಹುಡುಕದ ಜಾಗದಲ್ಲಿ. ಆ ವರ್ಷದ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಅಂಗವಿಕಲರ ಸೇವೆಯಲ್ಲಿರುವ ವೃತ್ತಿಗಳ ಪಟ್ಟಿಯೊಂದನ್ನು ಕೊಟ್ಟಿತು. ವಾಕ್ ಚಿಕಿತ್ಸಕರು, ಶ್ರವಣಸಾಧನದ ತಂತ್ರಜ್ಞರು, ವಿಶೇಷ ಶಿಕ್ಷಕರು, ಇವರ ಸಾಲಿನಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರೂ ಸೇರಿದ್ದರು. ಮೂಲ ಕಾಯ್ದೆ ಹೆಸರಿಸಿದ ಅಂಗವೈಕಲ್ಯಗಳಲ್ಲಿ ಬುದ್ಧಿಮಾಂದ್ಯತೆ ಇತ್ತು, ಮನೋರೋಗ ಇರಲಿಲ್ಲ. ಆದರೂ ಮನಸ್ಸಿನ ಮಾತಿಗೆ ಕಿವಿಗೊಡುವ ಒಂದು ವೃತ್ತಿಗೆ ದೇಶದಲ್ಲಿ ನೋಂದಣಿ ಬಂದದ್ದು ಈ ಪಕ್ಕದ ಬಾಗಿಲಿನಿಂದ. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇತ್ತ ಕಟ್ಟಡದ ಕಾನೂನು ತನ್ನ ದಾರಿಯಲ್ಲೇ ನಡೆದಿತ್ತು. 1912ರ ಕಾಯ್ದೆಯನ್ನು ತೆಗೆದುಹಾಕಿದ್ದು 1987ರ ಮಾನಸಿಕ ಆರೋಗ್ಯ ಕಾಯ್ದೆ, ಅದು ಜಾರಿಗೆ ಬಂದದ್ದು 1993ರಲ್ಲಿ. ಮನೋರೋಗಿಗಳನ್ನು ಇರಿಸಿಕೊಳ್ಳುವ ಖಾಸಗಿ ಸಂಸ್ಥೆಗಳಿಗೆ ಅದರಲ್ಲೂ ಪರವಾನಗಿ ಕಡ್ಡಾಯ. ಆ ಕಡ್ಡಾಯದ ಬೆಲೆ ಎಷ್ಟೆಂಬುದು 2001ರ ಆಗಸ್ಟ್ 6ರಂದು ಗೊತ್ತಾಯಿತು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾಕ್ಕೆ ಹರಕೆ ಹೊತ್ತು ಬರುವವರನ್ನು ನಂಬಿ ಬೆಳೆದಿದ್ದ ಖಾಸಗಿ ವಸತಿಗಳಲ್ಲೊಂದಕ್ಕೆ ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದ ಕಾರಣ ಒಳಗಿದ್ದವರು ಓಡಲಾಗಲಿಲ್ಲ. ಸತ್ತವರು 28 ಮಂದಿ. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಪರವಾನಗಿಯಿಲ್ಲದೆ ನಡೆಯುವ ಇಂಥ ಸಂಸ್ಥೆಗಳನ್ನು ಗುರುತಿಸುವಂತೆ ಸರ್ಕಾರಗಳಿಗೆ ಸೂಚಿಸಿತು. ಮೊದಲ ಹುಚ್ಚಾಲಯ ಕಾಯ್ದೆ ಬಂದು ಎರಡೂಕಾಲು ಶತಮಾನಕ್ಕಿಂತ ಕಡಿಮೆಯೇನೂ ಆಗಿರಲಿಲ್ಲ ಎಂದು ಇಂಗ್ಲೆಂಡಿನ ಲೆಕ್ಕ ಹೇಳಬಹುದು, 143 ವರ್ಷವಾಗಿತ್ತು ಎಂದು ನಮ್ಮ ಲೆಕ್ಕ ಹೇಳುತ್ತದೆ. ಯಾವ ಲೆಕ್ಕ ಹಿಡಿದರೂ, ಗೋಡೆಗಳನ್ನಷ್ಟೇ ಕಾಯಲು ಹೊರಟ ಕಾನೂನು ಗೋಡೆಗಳನ್ನೂ ಕಾಯಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮೊದಲ ಬಾರಿಗೆ ರೋಗಿಯ ಹಕ್ಕನ್ನು ನಡುವೆ ಇರಿಸಿತು. ಮಾನಸಿಕ ಆರೋಗ್ಯ ವೃತ್ತಿಪರರು ಯಾರೆಂದೂ ಬಿಡಿಸಿ ಹೇಳಿತು. ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮಾನಸಿಕ ಆರೋಗ್ಯ ದಾದಿಯರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಆಯುರ್ವೇದ, ಹೋಮಿಯೋಪಥಿ, ಯುನಾನಿ, ಸಿದ್ಧ ಪದ್ಧತಿಗಳಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿ ಪಡೆದವರಿಗೂ ಅದರಲ್ಲಿ ಜಾಗ ಸಿಕ್ಕಿತು. ನಮ್ಮ ರಸ್ತೆಬದಿಯ ಫಲಕದಲ್ಲಿರುವ ಆಪ್ತ ಸಮಾಲೋಚಕರು ಮಾತ್ರ ಆ ಪಟ್ಟಿಯಲ್ಲಿಲ್ಲ. ಅವರ ಸರದಿ ಬಂದದ್ದು 2021ರಲ್ಲಿ, ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ. ಮನಶ್ಶಾಸ್ತ್ರಜ್ಞರನ್ನೂ ಹಲವು ಬಗೆಯ ಸಮಾಲೋಚಕರನ್ನೂ ಅದು ವರ್ತನಾ ಆರೋಗ್ಯ ವಿಜ್ಞಾನದ ಗುಂಪಿನಲ್ಲಿ ಸೇರಿಸಿತು. ಪುನರ್ವಸತಿ ಪರಿಷತ್ತಿನಡಿ ಬರುವ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನು ಹೊರಗಿಟ್ಟಿತು. ಹೀಗೆ ಒಂದೇ ಮನಸ್ಸನ್ನು ನೋಡುವವರು ಈಗ ಬೇರೆ ಬೇರೆ ಕಾಯ್ದೆಗಳ ಮನೆಗಳಲ್ಲಿ ಇದ್ದಾರೆ. ಬಳಲಿ ಬಂದವರಿಗೆ ಯಾವ ಮನೆಯ ಬಾಗಿಲು ತಟ್ಟಿ ದೂರು ಕೊಡಬೇಕೆಂಬುದೇ ತಿಳಿಯುವುದಿಲ್ಲ.

ಹಾಗಾದರೆ ನೋಂದಣಿ ಇಲ್ಲದವರೆಲ್ಲ ಬಾಯಿ ಮುಚ್ಚಬೇಕೆ? ಇಲ್ಲಿ ಕರ್ನಾಟಕದ ಇತಿಹಾಸವೇ ನಮ್ಮನ್ನು ತಡೆದು ನಿಲ್ಲಿಸುತ್ತದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗವನ್ನು ಗುರುತಿಸುವ, ಸಾಮಾನ್ಯ ಚಿಕಿತ್ಸೆಯನ್ನು ಮುಂದುವರಿಸುವ ತರಬೇತಿ ಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿಯೇ ಮಾದರಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯಲ್ಲೂ 14416ಕ್ಕೆ ಕರೆ ಮಾಡಿದವರ ಜೊತೆ ಮೊದಲು ಮಾತಾಡುವವರು ತರಬೇತಿ ಪಡೆದ ಸಮಾಲೋಚಕರು. ತಜ್ಞರೇ ಎಲ್ಲರ ಮಾತನ್ನೂ ಕೇಳಬೇಕೆಂದು ಕೂತಿದ್ದರೆ ಬಳ್ಳಾರಿಯ ಹಳ್ಳಿಗಳಿಗೆ ಯಾರೂ ಹೋಗುತ್ತಿರಲಿಲ್ಲ.

ಬಳ್ಳಾರಿಯ ಆ ಕಾರ್ಯಕರ್ತರಿಗೂ ಫಲಕ ಬರೆಸಿ ಕುಳಿತ ನನಗೂ ಇರುವ ವ್ಯತ್ಯಾಸ ಪದವಿಯದ್ದಲ್ಲ. ಅವರ ಮೇಲೊಬ್ಬರು ವೈದ್ಯರಿದ್ದರು, ಆ ವೈದ್ಯರ ಬೆನ್ನಿಗೆ ಒಂದು ಸಂಸ್ಥೆಯಿತ್ತು. ಕೈಮೀರಿದಾಗ ಯಾರ ಬಳಿಗೆ ಕಳಿಸಬೇಕೆಂದು ಅವರಿಗೆ ಗೊತ್ತಿತ್ತು, ತಪ್ಪಿದರೆ ಕೇಳುವವರಿದ್ದರು. ನನ್ನ ಫಲಕದ ಹಿಂದೆ ಅಂಥವರು ಯಾರೂ ಇಲ್ಲ. ನೋಂದಣಿಯ ಅರ್ಥ ಇಷ್ಟೇ ಎಂದು ನನಗನ್ನಿಸುತ್ತದೆ: ಮುಚ್ಚಿದ ಬಾಗಿಲಿನ ಹಿಂದೆ ಒಬ್ಬರು ತಮ್ಮ ಗುಟ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟಾಗ, ಆ ಕೈಯನ್ನು ಹಿಡಿದು ಕೇಳಬಲ್ಲ ಮೂರನೆಯವರು ಹೊರಗೆ ಇರಬೇಕು.

ಕೌನ್ಸೆಲರ್ ಎಂಬ ಪದಕ್ಕೆ ಕನ್ನಡ ‘ಆಪ್ತ ಸಮಾಲೋಚಕ’ ಎಂದಿತು. ಇಂಗ್ಲಿಷಿನಲ್ಲಿಲ್ಲದ ಒಂದು ‘ಆಪ್ತ’ವನ್ನು ನಾವೇ ಸೇರಿಸಿದೆವು. ನಮ್ಮ ನ್ಯಾಯಶಾಸ್ತ್ರದಲ್ಲಿ ಆಪ್ತನೆಂದರೆ ಬರೀ ಹತ್ತಿರದವನಲ್ಲ, ವಿಷಯವನ್ನು ತಾನು ಬಲ್ಲವನು ಮತ್ತು ಬಲ್ಲದ್ದನ್ನು ಇದ್ದಂತೆ ಹೇಳುವವನು. ಆದ್ದರಿಂದಲೇ ಅವನ ಮಾತು ಪ್ರಮಾಣ. ಪ್ರಮಾಣಪತ್ರವೊಂದು ಯಾರನ್ನೂ ಆಪ್ತರನ್ನಾಗಿ ಮಾಡದು, ನಿಜ. ಆದರೆ ಆಪ್ತನೆಂದು ಹೇಳಿಕೊಂಡು ಬಾಗಿಲು ತೆರೆದವನನ್ನು ‘ನಿನ್ನ ಪ್ರಮಾಣವೇನು?’ ಎಂದು ಕೇಳುವ ಹಕ್ಕು ಎದುರು ಕುಳಿತವರಿಗೆ ಇರಬೇಕು. ಅದಕ್ಕೆ ಉತ್ತರ ಸಿಗುವ ಜಾಗ ಯಾವುದೆಂಬುದೂ ಅವರಿಗೆ ಗೊತ್ತಿರಬೇಕು.