ರೋಬಾಟಿನ ಕುಲಗೋತ್ರ

ಪದಗಳ ಜಾತಕ ಬರೆಯಲು ಕೂರುವ ನಮ್ಮಂಥವರಿಗೆ ಹುಟ್ಟಿದ ಊರು, ಹುಟ್ಟಿದ ವರ್ಷ, ಹೆಸರಿಟ್ಟವರು ಯಾರು ಎಂಬ ಮೂರೂ ಖಚಿತವಾಗಿ ಸಿಗುವ ಪದ ಅಪರೂಪ. ‘ಮನೆ’, ‘ಬೆಂಕಿ’, ‘ಕಲ್ಲು’ಗಳ ಹುಟ್ಟು ಕೇಳಿದರೆ ನಿಘಂಟುಗಳು ಮೂಲದ್ರಾವಿಡದ ಕಡೆಗೆ ಕೈ ತೋರಿಸಿ ಸುಮ್ಮನಾಗುತ್ತವೆ. ‘ರೋಬಾಟ್’ ವಿಷಯದಲ್ಲಿ ಆ ತಾಪತ್ರಯವಿಲ್ಲ. ಊರು ಪ್ರಾಗ್, ವರ್ಷ 1920, ಕಾರೆಲ್ ಚಾಪೆಕ್ ಎಂಬ ಚೆಕ್ ಲೇಖಕನ ‘ಆರ್.ಯು.ಆರ್.’ ನಾಟಕ, ಹೆಸರಿಟ್ಟವನು ಮಾತ್ರ ನಾಟಕಕಾರನಲ್ಲ, ಅವನ ಅಣ್ಣ, ಚಿತ್ರಕಾರ ಯೋಸೆಫ್. ಇದನ್ನು ಕಾರೆಲನೇ 1933ರ ಡಿಸೆಂಬರಿನಲ್ಲಿ ಪತ್ರಿಕೆಯೊಂದರಲ್ಲಿ ಬರೆದು, ಲೋಕ ತನಗೆ ಕೊಟ್ಟಿದ್ದ ಕೀರ್ತಿಯನ್ನು ಅಣ್ಣನಿಗೆ ಒಪ್ಪಿಸಿದ. ಕಥೆ ಹೊಳೆದಾಗ ಅಣ್ಣನ ಬಳಿಗೆ ಹೋದನಂತೆ. ಯೋಸೆಫ್ ಕುಂಚವನ್ನು ಬಾಯಲ್ಲಿ ಕಚ್ಚಿಕೊಂಡು ಚಿತ್ರ ಬರೆಯುತ್ತಿದ್ದ. ಈ ಕೃತಕ ಕೆಲಸಗಾರರಿಗೆ ‘ಲಾಬೊರಿ’ ಎನ್ನೋಣವೆಂದರೆ ಅದು ಯಾಕೋ ಪುಸ್ತಕದ ಮಾತಾಯಿತು ಎಂದು ತಮ್ಮ ಗೊಣಗಿದ. ಹಾಗಾದರೆ ರೋಬಾಟ್ ಅನ್ನು ಎಂದು ಅಣ್ಣ ಕುಂಚದ ಸಂದಿಯಿಂದಲೇ ಅಂದು ಚಿತ್ರಕ್ಕೆ ಮರಳಿದ. ನಾಮಕರಣ ಅಷ್ಟಕ್ಕೇ ಮುಗಿಯಿತು. ಲ್ಯಾಟಿನ್ನಿನ ಮಡಿಮಾತು ಬಿದ್ದು ಹಳ್ಳಿಯ ಹೊಲದ ಮಾತು ಗೆದ್ದದ್ದನ್ನು ‘ದೂರವಾಣಿ’ಯ ಎದುರು ‘ಫೋನು’ ಗೆದ್ದದ್ದನ್ನು ಕಂಡ ನಾವು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲೆವು.

ಹೊಲದ ಮಾತು ಎಂದೆ. ಚೆಕ್ ಭಾಷೆಯಲ್ಲಿ ಸಾಧಾರಣ ಕೆಲಸಕ್ಕೆ ‘ಪ್ರಾತ್ಸೆ’ ಎಂಬ ಬೇರೆಯೇ ಪದವಿದೆ. ‘ರೊಬೊತ’ ಎಂದರೆ ಒಡೆಯನ ಜಮೀನಿನಲ್ಲಿ ರೈತ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆ. ಹಾಬ್ಸ್‌ಬರ್ಗ್ ದೊರೆಗಳ ಕಾಲದಲ್ಲಿ ಇದು ವಾರಕ್ಕೆ ಮೂರು ದಿನದವರೆಗೂ ಹೋಗುತ್ತಿತ್ತು. 1775ರಲ್ಲಿ ಬೊಹೀಮಿಯದ ರೈತರು ದಂಗೆಯೆದ್ದ ಮೇಲೆ ಮಹಾರಾಣಿ ಮರಿಯಾ ತೆರೇಸಾ ಇದಕ್ಕೊಂದು ಮಿತಿ ಹಾಕಿ ಹೊರಡಿಸಿದ ಶಾಸನದ ಜರ್ಮನ್ ಹೆಸರು ‘ರೋಬೊಟ್ ಪಟೆಂಟ್’. ನಮ್ಮ ಪದ ನಾಟಕಕ್ಕೆ ಬರುವ ಒಂದೂವರೆ ಶತಮಾನ ಮೊದಲೇ ಸರ್ಕಾರಿ ಕಾಗದದಲ್ಲಿ ಹೀಗೆ ಮುದ್ರೆ ಒತ್ತಿಸಿಕೊಂಡು ಕೂತಿತ್ತು! ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷಿನಲ್ಲೂ ಮಧ್ಯ ಯುರೋಪಿನ ಈ ಪದ್ಧತಿಯನ್ನು ಹೆಸರಿಸಲು ‘ರೋಬಾಟ್’ ಬಳಕೆಯಾಗಿದೆ. ಆಕ್ಸ್‌ಫರ್ಡ್ ನಿಘಂಟು ಅದಕ್ಕೆ ಬೇರೆಯದೇ ನಮೂದು ಕೊಟ್ಟಿದೆ. ಪದ್ಧತಿ 1848ರಲ್ಲಿ ರದ್ದಾಯಿತು. ಪದಕ್ಕೆ ಕೆಲಸ ತಪ್ಪಿ ಎಪ್ಪತ್ತು ವರ್ಷ ಖಾಲಿ ಕೂತಿದ್ದಾಗ ಯೋಸೆಫ್ ಅದನ್ನು ಮತ್ತೆ ದುಡಿಮೆಗೆ ಹಚ್ಚಿದ ಎನ್ನಬೇಕು.

‘ರೊಬೊತ’ಕ್ಕೆ ಕನ್ನಡ ಹುಡುಕುವ ಕಷ್ಟವೇ ಇಲ್ಲ: ಬಿಟ್ಟಿ. ಸಂಸ್ಕೃತದ ‘ವಿಷ್ಟಿ’ಯ ತದ್ಭವವಿದು, ವಕಾರ ಬಕಾರವಾಗಿ, ‘ಷ್ಟ’ ‘ಟ್ಟ’ವಾಗಿ ಇಳಿದು ಬಂದದ್ದು. ವಿಷ್ಟಿ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಕ್ರಿ.ಶ. 150ರ ಸುಮಾರಿನ ಜುನಾಗಢದ ಬಂಡೆಗಲ್ಲಿನ ಮೇಲೆ ಮಹಾಕ್ಷತ್ರಪ ರುದ್ರದಾಮನು ಸುದರ್ಶನ ಸರೋವರದ ಒಡ್ಡು ಕಟ್ಟಿಸಿದ್ದನ್ನು ಹೇಳುವಾಗ, ಪ್ರಜೆಗಳನ್ನು ಕರದಿಂದಾಗಲಿ ವಿಷ್ಟಿಯಿಂದಾಗಲಿ ಪೀಡಿಸದೆ ಕಟ್ಟಿಸಿದೆನೆಂದು ಹೆಮ್ಮೆಪಡುತ್ತಾನೆ; ಉಳಿದ ದೊರೆಗಳು ಏನು ಮಾಡುತ್ತಿದ್ದರೆಂಬುದು ಆ ಹೆಮ್ಮೆಯಲ್ಲೇ ಬಯಲಾಗಿದೆ. (ಹೊಯ್ಸಳರ ಬಿಟ್ಟಿದೇವನನ್ನು ಇಲ್ಲಿಗೆ ಎಳೆಯಬಾರದು, ಅವನ ಬಿಟ್ಟಿ ವಿಷ್ಣುವಿನಿಂದ ಬಂದದ್ದು.) ಮುಂದೆ ಪಾರಸಿಯ ‘ಬೇಗಾರಿ’ ಜೊತೆಗೂಡಿ ‘ಬಿಟ್ಟಿ ಬೇಗಾರಿ’ ಎಂಬ ಜೋಡುನುಡಿಯಾಯಿತು, ‘ಬಿಟ್ಟಿ ಚಾಕರಿ’ ಬಂತು. ಇಲ್ಲೊಂದು ಸೊಗಸಾದ ಜಾರುವಿಕೆ ನಡೆದಿದೆ. ಕೂಲಿ ಕೊಡದೆ ದುಡಿಸಿಕೊಳ್ಳುವುದಾಗಿದ್ದ ಬಿಟ್ಟಿ, ಬೆಲೆ ಕೊಡದೆ ದಕ್ಕಿಸಿಕೊಳ್ಳುವುದಾಗಿ ‘ಬಿಟ್ಟಿ ಊಟ’, ‘ಬಿಟ್ಟಿ ಸಿನಿಮಾ’, ‘ಬಿಟ್ಟಿ ಉಪದೇಶ’ಗಳವರೆಗೆ ಬಂದಿದೆ. ದುಡಿಯುವವನ ಬೆನ್ನಿನಿಂದ ನೋಡಿದರೆ ಹಳೆಯ ಬಿಟ್ಟಿ, ಪಡೆಯುವವನ ಕೈಯಿಂದ ನೋಡಿದರೆ ಹೊಸ ಬಿಟ್ಟಿ. ವ್ಯವಹಾರ ಅದೇ, ನಿಂತ ಜಾಗ ಬದಲಾಗಿದೆ ಅಷ್ಟೆ. ಚೆಕ್ ಮಾತು ಮಾತ್ರ ದುಡಿಯುವವನನ್ನು ಬಿಡದೆ ಹಿಡಿದುಕೊಂಡಿತು.

ಬೇರಿನ ಕಡೆಗೆ ಇನ್ನೊಂದಿಷ್ಟು ಇಳಿಯೋಣ. ರಷ್ಯನ್ನಿನಲ್ಲಿ ‘ರಬೋತ’ ಎಂದರೆ ಕೆಲಸ, ‘ರಾಬ್’ ಎಂದರೆ ಗುಲಾಮ. ಪೋಲಿಷ್ ಮತ್ತು ಉಕ್ರೇನಿಯನ್ನಿನಲ್ಲಿ ‘ರೊಬೊತ’ ಬರಿಯ ಕೆಲಸ. ಹಳೆಯ ಸ್ಲಾವ್ ಧರ್ಮಗ್ರಂಥಗಳಲ್ಲಿ ‘ರಬೊತ’ ದಾಸ್ಯ. ಇವೆಲ್ಲದರ ಹಿಂದೆ ‘ಓರ್ಬ್’ ಎಂಬ ಸ್ವರಾದಿಯಾದ ಮೂಲರೂಪವೊಂದಿದ್ದು, ರೇಫೆ ಸ್ವರವನ್ನು ಹಿಂದೆ ತಳ್ಳಿ ತಾನೇ ಮುಂದೆ ಬಂದಿದೆ. ನಮಗಿದು ಅಪರಿಚಿತವಲ್ಲ, ನಮ್ಮ ‘ಒರಳು’ ತೆಲುಗಿನಲ್ಲಿ ‘ರೋಲು’, ನಮ್ಮ ‘ಎರಡು’ ಅಲ್ಲಿ ‘ರೆಂಡು’. ಷಿಕಾಗೋ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಪೂರ್ತಿ ಬಿಚ್ಚಿಟ್ಟಿದ್ದಾರೆ, ಒರಳು-ರೋಲುಗಳನ್ನು ಒಂದೇ ಸಾಲಿನಲ್ಲಿ ನೋಡಬಯಸುವವರು ಅಲ್ಲಿಗೆ ಹೋಗಬಹುದು. ಒಮ್ಮೆ ಹೋದರೆ ಮಧ್ಯಾಹ್ನದ ನಿದ್ದೆ ಹೋಯಿತೆಂದೇ ಲೆಕ್ಕ. ಆ ‘ಓರ್ಬ್’ನ ನೆಂಟಸ್ತಿಕೆ ದೊಡ್ಡದು. ಜರ್ಮನ್ನಿನ ‘ಆರ್ಬೈಟ್’, ಅಂದರೆ ಕೆಲಸ, ಇದರ ದಾಯಾದಿ. ಗ್ರೀಕಿನ ‘ಓರ್ಫನೊಸ್’, ಲ್ಯಾಟಿನ್ನಿನ ‘ಓರ್ಬುಸ್’ ಎರಡೂ ದಿಕ್ಕಿಲ್ಲದವನನ್ನು, ಹೆತ್ತವರನ್ನು ಕಳಕೊಂಡವನನ್ನು ಹೇಳುವ ಮಾತುಗಳು. ಸಂಸ್ಕೃತದಲ್ಲಿ ವಿದ್ವಾಂಸರು ಈ ಬಳಗಕ್ಕೆ ಸೇರಿಸುವ ಪದ ‘ಅರ್ಭ’: ಪುಟ್ಟದ್ದು, ಬಲವಿಲ್ಲದ್ದು, ಎಳೆಯದು. ಅದೇ ‘ಕ’ ಹಚ್ಚಿಕೊಂಡು ನಮ್ಮ ಕಾವ್ಯ ಪುರಾಣಗಳ ‘ಅರ್ಭಕ’ನಾಗಿದೆ. ಹರಿಕಥೆಯ ದಾಸರು ಪ್ರಹ್ಲಾದನನ್ನೋ ಧ್ರುವನನ್ನೋ ಅರ್ಭಕನೆಂದು ಕರುಣೆಯಿಂದ ಕರೆಯುವಾಗ ಅವರ ಬಾಯಲ್ಲಿರುವುದು ರೋಬಾಟಿನ ದೂರದ ಅಣ್ಣ. ತಬ್ಬಲಿಯಾದ ಮಗು ಪರರ ಮನೆಯ ಜೀತಕ್ಕೆ ಬೀಳುತ್ತದೆ, ಜೀತ ಸವೆದು ಬರಿಯ ಕೆಲಸವಾಗುತ್ತದೆ: ಅರ್ಥ ನಡೆದ ಹಾದಿ ಇದು.

ಈಗ ನಾಟಕಕ್ಕೆ. 1921ರ ಜನವರಿ 25ರಂದು ಪ್ರಾಗಿನ ರಾಷ್ಟ್ರೀಯ ರಂಗಮಂದಿರದಲ್ಲಿ ಇದು ರಂಗಕ್ಕೇರಿತು. ಅದಕ್ಕೂ ಮೊದಲೇ ಹ್ರಾದೆತ್ಸ್ ಕ್ರಾಲೊವೆ ಎಂಬ ಊರಿನ ಹವ್ಯಾಸಿಗಳು ಆಡಿಬಿಟ್ಟಿದ್ದರು. ಶೀರ್ಷಿಕೆಯ ಮೊದಲ ‘ಆರ್’ ರೊಸ್ಸುಮ್ ಎಂಬ ವಿಜ್ಞಾನಿಯ ಹೆಸರು, ಅದರೊಳಗೆ ಬುದ್ಧಿ ಎಂಬರ್ಥದ ಚೆಕ್ ಪದ ‘ರೊಝುಮ್’ ಅಡಗಿದೆ. ಅಲ್ಲಿನ ರೋಬಾಟುಗಳಲ್ಲಿ ತಗಡಿಲ್ಲ, ತಿರುಪಿಲ್ಲ. ಜೀವದ್ರವ್ಯವನ್ನು ಹೋಲುವ ರಾಸಾಯನಿಕ ಹಿಟ್ಟನ್ನು ತೊಟ್ಟಿಗಳಲ್ಲಿ ನಾದಿ, ನರಗಳನ್ನು ಕಾರ್ಖಾನೆಯಲ್ಲಿ ನೂತು ಮಾಡಿದ ರಕ್ತಮಾಂಸದಂಥ ದೇಹಗಳವು. ಎದುರು ಬಂದರೆ ಮನುಷ್ಯರೇ. ಕೊನೆಗೆ ಆ ಆಳುಗಳು ಆಳುವವರಾಗುತ್ತಾರೆ. ಕನ್ನಡದಲ್ಲಿ ‘ಆಳು’ ನಾಮಪದವಾದರೆ ಸೇವಕ, ಕ್ರಿಯಾಪದವಾದರೆ ಒಡೆತನ. ವ್ಯುತ್ಪತ್ತಿ ಕೋಶ ಎರಡಕ್ಕೂ ಬೇರೆ ಬೇರೆ ಬೇರು ಹೇಳಿದರೂ ಈ ನಾಟಕಕ್ಕೆ ಇದಕ್ಕಿಂತ ಒಳ್ಳೆಯ ಶ್ಲೇಷೆ ಸಿಗದು.

ಮಾಂಸದ ರೋಬಾಟು ಲೋಹದ್ದಾದದ್ದು ರೂಪಾಂತರಗಳ ಕೈಯಲ್ಲಿ. ಪಾಲ್ ಸೆಲ್ವರ್ ಇಂಗ್ಲಿಷಿಗೆ ತಂದ, ನೈಜೆಲ್ ಪ್ಲೇಫೇರ್ ರಂಗಕ್ಕೆ ಹೊಂದಿಸಿದ. ಮಾತುಗಳನ್ನು ಕತ್ತರಿಸಿದರು, ಡಾಮನ್ ಎಂಬ ರೋಬಾಟಿನ ಪಾತ್ರವನ್ನೇ ಕೈಬಿಟ್ಟರು, ಆದರೆ ‘ರೋಬಾಟ್’ ಎಂಬ ಪದವನ್ನು ಅನುವಾದಿಸದೆ ಹಾಗೇ ಉಳಿಸಿದರು. 1922ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಪ್ರಯೋಗವಾದಾಗ ಮುಂದೆ ಹಾಲಿವುಡ್ಡಿನ ದೊಡ್ಡ ನಟನಾದ ಸ್ಪೆನ್ಸರ್ ಟ್ರೇಸಿ ಅದರಲ್ಲಿ ಮಾತಿಲ್ಲದ ಒಂದು ರೋಬಾಟ್. 1938ರ ಫೆಬ್ರವರಿ 11ರಂದು ಬಿಬಿಸಿ ಇದರ ಮೂವತ್ತೈದು ನಿಮಿಷದ ಭಾಗವನ್ನು ದೂರದರ್ಶನದಲ್ಲಿ ಬಿತ್ತರಿಸಿತು. ಜಗತ್ತಿನ ಮೊತ್ತಮೊದಲ ವಿಜ್ಞಾನಕಥೆಯ ಟಿವಿ ರೂಪ ಅದೇ ಎನ್ನುತ್ತಾರೆ. ಅಷ್ಟರಲ್ಲಾಗಲೇ ‘ರೋಬಾಟ್’ ಎಂದೊಡನೆ ಕಬ್ಬಿಣದ ಮನುಷ್ಯನೇ ಕಣ್ಣಮುಂದೆ ಬರುತ್ತಿದ್ದ. ತನ್ನ ಕೂಸಿಗೆ ಹೀಗೆ ತಗಡು ತೊಡಿಸಿದ್ದಕ್ಕೆ ಚಾಪೆಕ್ 1935ರಲ್ಲಿ ಲೇಖನ ಬರೆದು ಪ್ರತಿಭಟಿಸಿದ. ಪದ ಕೇಳಲಿಲ್ಲ. ಐಸಾಕ್ ಅಸಿಮೋವ್ 1941ರ ‘ಲಯರ್!’ ಕಥೆಯಲ್ಲಿ ‘ರೋಬಾಟಿಕ್ಸ್’ ಎಂದು ಬರೆದದ್ದು ಅದು ಆಗಲೇ ಇರುವ ಪದವೆಂದು ನಂಬಿ. ಹಾಗೆ ಅರಿಯದೆಯೇ ಒಂದು ಶಾಸ್ತ್ರಕ್ಕೆ ಹೆಸರಿಟ್ಟ. ಆಮೇಲಿನ ಮರಿಗಳ ಎಣಿಕೆ ಬೇಡ: ‘ಬಾಟ್’ ಎಂದು ಬಾಲ ಮಾತ್ರ ಉಳಿದು ‘ಚಾಟ್‌ಬಾಟ್’ ಆಯಿತು, ‘ಆಂಡ್ರಾಯ್ಡ್’ ಎಂಬ ಇನ್ನೂ ಹಳೆಯ ಪದದ ತಲೆ ಕಡಿದು ‘ಡ್ರಾಯ್ಡ್’ ಆಯಿತು. ‘ಡ್ರಾಯ್ಡ್’ ಅನ್ನು ‘ಸ್ಟಾರ್ ವಾರ್ಸ್’ ಚಿತ್ರದ ಸೃಷ್ಟಿ ಎಂದುಕೊಂಡವರೇ ಹೆಚ್ಚು, ಆದರೆ ಮಾರಿ ವುಲ್ಫ್ ಎಂಬಾಕೆ 1952ರಲ್ಲೇ ಕಥೆಯೊಂದರಲ್ಲಿ ಬಳಸಿದ್ದಾಳೆ.

ಈ ಕೊನೆಯ ಸಂಗತಿ ಗೊತ್ತಾಗುವುದು ವಿಜ್ಞಾನಕಥೆಯ ಐತಿಹಾಸಿಕ ನಿಘಂಟಿನಿಂದ. ಆಕ್ಸ್‌ಫರ್ಡ್ ನಿಘಂಟಿಗಾಗಿ ಓದುಗರು ಹಳೆಯ ಪತ್ರಿಕೆಗಳಿಂದ ಪ್ರಯೋಗಗಳನ್ನು ಹೆಕ್ಕಿ ಕಳಿಸಲು ಶುರುಮಾಡಿದ್ದು 2001ರಲ್ಲಿ. ಅದು ಬೆಳೆದು, ಜೆಸ್ಸಿ ಷೈಡ್‌ಲೋವರ್ ಸಂಪಾದಕತ್ವದಲ್ಲಿ 2021ರಿಂದ ಸ್ವತಂತ್ರ ತಾಣವಾಗಿದೆ. ಒಂದು ಪದ ಒತ್ತಿದರೆ ವರ್ಷವಾರು ಪ್ರಯೋಗಗಳು ಸಾಲಾಗಿ ಬರುತ್ತವೆ, ಎಷ್ಟೋ ಕಡೆ ಆ ಹಳೆಯ ಪತ್ರಿಕೆಯ ಪುಟವೇ ಇಂಟರ್‌ನೆಟ್ ಆರ್ಕೈವ್‌ನಿಂದ ತೆರೆದುಕೊಳ್ಳುತ್ತದೆ. ಸೆಲ್ವರ್-ಪ್ಲೇಫೇರ್ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಬಿಟ್ಟಿ ಸಿಗುತ್ತದೆ, ಹೊಸ ಅರ್ಥದ ಬಿಟ್ಟಿ; ತಮಾಷೆಯೆಂದರೆ ಆ ತಾಣ ತನ್ನನ್ನು ಮನುಷ್ಯರು ಮಾತ್ರ ಬಳಸಬೇಕು, ರೋಬಾಟುಗಳಿಗೆ ಪ್ರವೇಶವಿಲ್ಲ ಎಂದು ಬರೆದುಕೊಂಡಿದೆ. ಕನ್ನಡದ ಕಡೆಯಲ್ಲಿ ಕಿಟೆಲ್‌ನ 1894ರ ನಿಘಂಟು ಆರ್ಕೈವ್‌ನಲ್ಲಿದೆ, ವಿ. ಕೃಷ್ಣ ಅವರು ಒಬ್ಬರೇ ದಶಕಗಟ್ಟಲೆ ಕೂತು ಕಟ್ಟಿದ ‘ಅಲರ್’ ನಿಘಂಟು 2019ರಿಂದ ಎಲ್ಲರಿಗೂ ತೆರೆದಿದೆ. ಆದರೆ ನಮ್ಮ ವಿಜ್ಞಾನಕಥೆಗಳಲ್ಲಿ ಯಾವ ಪದ ಯಾವ ವರ್ಷ ಮೊದಲು ಬಂತು, ರಾಜಶೇಖರ ಭೂಸನೂರಮಠರ ಕಥೆಗಳಲ್ಲಿ ಏನೇನು ಹೊಸಪದಗಳಿವೆ ಎಂದು ವರ್ಷವಾರು ತೋರಿಸುವ ಅಂಥದೊಂದು ಕೋಶ ನಮ್ಮಲ್ಲೂ ಆಗಬೇಕು.

ಊರೂರಿಗೆ ಈ ಪದ ಪಡೆದ ಕೆಲಸಗಳನ್ನು ನೋಡಿದರೆ ನಗು ಬರುತ್ತದೆ. ದಕ್ಷಿಣ ಆಫ್ರಿಕದಲ್ಲಿ ರೋಬಾಟ್ ಎಂದರೆ ರಸ್ತೆಯ ಸಿಗ್ನಲ್ ದೀಪ. ಫ್ರೆಂಚರಲ್ಲಿ ಪೊಲೀಸರು ಸಾಕ್ಷಿಗಳ ಮಾತು ಕೇಳಿ ಬರೆಸುವ ಆರೋಪಿಯ ಮುಖಚಿತ್ರ ‘ರೋಬಾಟ್ ಚಿತ್ರ’. ಹುಟ್ಟೂರಾದ ಚೆಕ್ ದೇಶದಲ್ಲೇ ಅಡುಗೆಮನೆಯ ರೋಬಾಟ್ ಎಂದರೆ ಹಿಟ್ಟು ಕಲಸುವ, ತರಕಾರಿ ಹೆಚ್ಚುವ ಯಂತ್ರ.

ಕನ್ನಡ ಪತ್ರಿಕೆಗಳಲ್ಲಿ ‘ರೋಬಾಟ್’, ‘ರೋಬೋಟ್’ ಎರಡೂ ನಡೆಯುತ್ತವೆ, ಜೊತೆಗೆ ‘ಯಂತ್ರಮಾನವ’. ‘ಯಂತ್ರ’ ಹಿರಿಯ ಪದ. ‘ಯಮ್’ ಧಾತು, ಹಿಡಿದು ನಿಲ್ಲಿಸು, ಅಂಕೆಯಲ್ಲಿಡು ಎಂದರ್ಥ. ಅದರಿಂದ ಅಂಕೆಯಲ್ಲಿಡುವ ಸಾಧನ. ಹಳಗನ್ನಡದ ತದ್ಭವ ‘ಜಂತ್ರ’. ದೆಹಲಿ ಜೈಪುರಗಳ ‘ಜಂತರ್ ಮಂತರ್’ ಇದರದೇ ಬಂಧು. ಭೂತವನ್ನು ಅಂಕೆಯಲ್ಲಿಡುವ ತಾಯಿತವೂ ಯಂತ್ರ, ಕಬ್ಬು ಅರೆಯುವ ಗಾಣವೂ ಯಂತ್ರ, ದೇವರ ಪೀಠದ ತಗಡಿನ ಮೇಲಿನ ರೇಖೆಯೂ ಯಂತ್ರ. ಹನ್ನೊಂದನೆಯ ಶತಮಾನದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ದ ಯಂತ್ರಾಧ್ಯಾಯದಲ್ಲಿ ಬಾಗಿಲು ಕಾಯುವ ಮರದ ಆಳುಗಳೂ ಇವೆ. ತಮಿಳರು ‘ಎಂದಿರಂ’ಗೆ ಪುಲ್ಲಿಂಗದ ‘ಅನ್’ ಹಚ್ಚಿ 2010ರ ರಜನೀಕಾಂತ್ ಚಿತ್ರವನ್ನು ‘ಎಂದಿರನ್’ ಎಂದರು. ಒಂದೇ ಪ್ರತ್ಯಯದಲ್ಲಿ ಯಂತ್ರ ಗಂಡಸಾಯಿತು. ಅದಕ್ಕೂ ಮೊದಲೇ, 2002ರಲ್ಲಿ, ನಮ್ಮ ಉಪೇಂದ್ರ ‘ಹಾಲಿವುಡ್’ನಲ್ಲಿ ರೋಬಾಟಾಗಿ ಬಂದುಹೋಗಿದ್ದರು.

ಪ್ರತ್ಯಯದ ಮಾತು ಬಂತಲ್ಲ, ನನಗೆ ಎಲ್ಲಕ್ಕಿಂತ ರುಚಿಸುವುದು ಅದೇ. ‘ಯಂತ್ರಮಾನವ ಬಂದ’ ಎನ್ನುತ್ತೇವೆ, ‘ರೋಬಾಟ್ ಬಂತು’ ಎನ್ನುತ್ತೇವೆ; ವಸ್ತು ಒಂದೇ, ಲಿಂಗ ಎರಡು. ಮಹತ್ತು ಅಮಹತ್ತು ಎಂಬ ನಮ್ಮ ವ್ಯಾಕರಣದ ಹಳೆಯ ಗೆರೆ ಇಲ್ಲಿ ಕಾಣಿಸುತ್ತದೆ. ಮಗುವನ್ನೂ ನಾವು ‘ಅತ್ತಿತು’ ಎಂದು ನಪುಂಸಕದಲ್ಲೇ ಇಟ್ಟಿರುವುದನ್ನು ನೆನೆದರೆ ಅರ್ಭಕನ ನಂಟು ಇನ್ನಷ್ಟು ಗಟ್ಟಿಯಾದಂತೆ ತೋರುತ್ತದೆ. ಚೆಕ್ಕಿನಲ್ಲೂ ಬಹುವಚನ ಎರಡುಂಟು: ಪ್ರಾಣಿವಾಚಕವಾದ ‘ರೊಬೊತಿ’ (roboti), ನಿರ್ಜೀವಕ್ಕೆ ಸಲ್ಲುವ ‘ರೊಬೊತಿ’ (roboty), ವ್ಯತ್ಯಾಸವಿರುವುದು ಕೊನೆಯ ಅಕ್ಷರದಲ್ಲಿ. ಚಾಪೆಕ್ ಶೀರ್ಷಿಕೆಯ ಕೊನೆಯ ‘ಆರ್’ನಲ್ಲೇ ಮೊದಲನೆಯದನ್ನು ಆರಿಸಿದ.

ನಾಟಕದ ಆರಂಭದಲ್ಲೇ ಈ ಜಗಳವಿದೆ. ಕಾರ್ಖಾನೆಯ ಮುಖ್ಯಸ್ಥ ಡೊಮಿನ್‌ನನ್ನು ನೋಡಲು ಹೆಲೆನಾ ಬರುತ್ತಾಳೆ, ರೋಬಾಟುಗಳ ಬಿಡುಗಡೆಗೆ ಹೋರಾಡುವ ಸಂಘದವಳು. ಅಲ್ಲಿ ಸುಲ್ಲಾ ಎಂಬ ಹೆಣ್ಣು ರೂಪದ ರೋಬಾಟ್ ನಿಂತಿದೆ. ಇದು ಮನುಷ್ಯಳಲ್ಲವೆಂದರೆ ಹೆಲೆನಾ ನಂಬುವುದಿಲ್ಲ. ಹಾಗಾದರೆ ಕೊಯ್ದೇ ತೋರಿಸುತ್ತೇನೆಂದು ಡೊಮಿನ್ ಅಂಗಛೇದನದ ಕೋಣೆಗೆ ಕಳಿಸಲು ಹೊರಟರೆ ಅವಳು ಅಡ್ಡ ಬರುತ್ತಾಳೆ. ಕನ್ನಡಿಸುವವರು ಇಲ್ಲಿ ಡೊಮಿನ್‌ನ ಬಾಯಲ್ಲಿ ‘ಅದನ್ನು’ ಎಂದೂ ಹೆಲೆನಾಳ ಬಾಯಲ್ಲಿ ‘ಅವಳನ್ನು’ ಎಂದೂ ಇಟ್ಟರೆ ಇಬ್ಬರ ವಾದವೂ ಸರ್ವನಾಮದಲ್ಲೇ ಮುಗಿಯುತ್ತದೆ. ಬಹುವಚನಕ್ಕೆ ಬಂದರೂ ಹಾಗೆಯೇ: ಒಡೆಯರು ‘ರೋಬಾಟುಗಳು’ ಎನ್ನಲಿ, ಅವರನ್ನು ಮನುಷ್ಯರೆಂದು ಬಗೆದವರು ‘ರೋಬಾಟರು’ ಎನ್ನಲಿ. ಈ ನಾಟಕವನ್ನು ಕನ್ನಡದಲ್ಲಿ ಆಡಿಸಹೊರಡುವ ಗೆಳೆಯರಲ್ಲಿ ನನ್ನ ಬಿನ್ನಹವಿಷ್ಟೆ: ಶೀರ್ಷಿಕೆಯಲ್ಲಿ ‘ಯಂತ್ರಮಾನವ’ ಬೇಡ, ಅಲ್ಲಿ ಯಂತ್ರವೇ ಇಲ್ಲ, ‘ರೋಬಾಟರು’ ಎಂದು ಅಚ್ಚುಹಾಕಿಸಿ.