ಹಳೇ ಕಾರು ಒಮ್ಮೆ ಸ್ಟಾರ್ಟ್ ಆಗುತ್ತೆ, ಒಮ್ಮೆ ಆಗಲ್ಲ: ಬ್ಯಾಟರಿ ಬದಲಿಸಿದರೆ ಸಾಕೇ?

ಹೇಳಿಕೆ: "ಹಳೇ ಕಾರು ಬಿಸಿಲಲ್ಲಿ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಹೋಗಿದೆ ಎಂದೇ ಅರ್ಥ. ಹೊಸ ಬ್ಯಾಟರಿ ಹಾಕಿಸಿ. ಅಲ್ಲಿಯವರೆಗೆ ಇಂಜಿನ್ ಮೇಲೆ ತಣ್ಣೀರು ಸುರಿಯಿರಿ, ಇಲ್ಲವೇ ಯಾವುದಾದರೂ ಲಾರಿಯಿಂದ ಕರೆಂಟ್ ಕೊಡಿಸಿ." ಬೇಸಿಗೆ ಬಂತೆಂದರೆ ಇಂತಹ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ.

ನಿಜಾಂಶ: ಬಹುಪಾಲು ತಪ್ಪು. ಬ್ಯಾಟರಿ ಒಂದು ಕಾರಣ ಇರಬಹುದು, ಅದೊಂದೇ ಕಾರಣವಲ್ಲ. ತಣ್ಣೀರು ಮತ್ತು ಲಾರಿಯ ಸಲಹೆಗಳಂತೂ ಅಪಾಯಕಾರಿ.

ನಮಗೇಕೆ ಈ ವಿಷಯ?

ಹೊಸಪೇಟೆಯ ನಮ್ಮ ಮನೆಯ ಹಳೇ ಕಾರೇ ನಮಗೆ ಈ ಪಾಠ ಕಲಿಸಿತು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು. ಹಂಪಿಗೆ ಹೋಗುವಾಗ ಕಮಲಾಪುರದಲ್ಲಿ ಚಹಾಕ್ಕೆಂದು ನಿಲ್ಲಿಸಿದರೆ ಮತ್ತೆ "ಟಕ್" ಎಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್! ಮೊದಲು ಬ್ಯಾಟರಿ ಬದಲಿಸಿದೆವು, ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿಸಿದೆವು. ಕೊನೆಗೆ ಸಿಕ್ಕ ದೋಷ, ಬ್ಯಾಟರಿಯಿಂದ ಇಂಜಿನ್‌ಗೆ ಬರುವ ಅರ್ಥ್ ವೈರ್‌ನ ಬೋಲ್ಟ್ ಕೆಳಗೆ ಹಿಡಿದಿದ್ದ ತುಕ್ಕು. ಉಪ್ಪು ಕಾಗದದಿಂದ ಉಜ್ಜಿ ಬಿಗಿ ಮಾಡಿದ ಮೇಲೆ ತೊಂದರೆ ಹೋಯಿತು. ಅಷ್ಟರಲ್ಲಿ ಸಾವಿರಾರು ರೂಪಾಯಿ ಖರ್ಚಾಗಿತ್ತು.

ಹಣವಾದರೂ ಹೋಗಲಿ. ರಾತ್ರಿ ಸಂಡೂರಿನ ಘಟ್ಟದ ದಾರಿಯಲ್ಲೋ, ಮನೆಯಲ್ಲಿ ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಲ್ಲೋ ಕಾರು ಕೈಕೊಟ್ಟರೆ? ಅದಕ್ಕೇ ಕಾರಣ ಮೊದಲು ತಿಳಿಯಬೇಕು, ಬಿಡಿಭಾಗ ಬದಲಿಸುವುದು ಆಮೇಲೆ.

ಮೊದಲು ಸದ್ದು ಕೇಳಿ

ಕೀ ತಿರುಗಿಸಿದಾಗ ಏನಾಗುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ.

1. "ಟಕ್ ಟಕ್ ಟಕ್" ಎಂದು ಸತತ ಸದ್ದು, ಡ್ಯಾಶ್‌ಬೋರ್ಡ್ ದೀಪಗಳು ಮಂಕಾಗುತ್ತವೆ: ಬ್ಯಾಟರಿಯಲ್ಲಿ ಚಾರ್ಜ್ ಕಡಿಮೆ, ಅಥವಾ ಟರ್ಮಿನಲ್ ಸಡಿಲ.

2. ಒಂದೇ ಒಂದು "ಟಕ್", ಅಥವಾ ಸದ್ದೇ ಇಲ್ಲ, ಆದರೆ ಹೆಡ್‌ಲೈಟ್ ಪ್ರಖರವಾಗಿಯೇ ಇದೆ: ಸೆಲ್ಫ್ ಮೋಟಾರ್, ಅದರ ಸೊಲೆನಾಯ್ಡ್, ಇಗ್ನಿಷನ್ ಸ್ವಿಚ್, ರಿಲೇ ಅಥವಾ ವೈರ್‌ಗಳನ್ನು ನೋಡಬೇಕು. ಇಂಜಿನ್‌ನ ಅರ್ಥ್ ವೈರ್ ಕೆಟ್ಟಾಗಲೂ ಹೀಗೇ ಆಗುತ್ತದೆ. ಹೆಡ್‌ಲೈಟ್‌ಗೆ ಬೇಕಾಗುವುದು ಕೆಲವೇ ಆಂಪಿಯರ್. ಸೆಲ್ಫ್ ಮೋಟಾರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಹಾಗಾಗಿ ದೀಪ ಉರಿಯಿತು ಎಂದ ಮಾತ್ರಕ್ಕೆ ವೈರ್ ಸರಿಯಿದೆ ಎಂದಲ್ಲ.

3. ಇಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ: ಬ್ಯಾಟರಿಯನ್ನು ಸುಮ್ಮನೆ ದೂರಬೇಡಿ. ಪೆಟ್ರೋಲ್ ಬರುತ್ತಿಲ್ಲ ಅಥವಾ ಪ್ಲಗ್‌ನಲ್ಲಿ ಕಿಡಿ ಇಲ್ಲ. ಪೆಟ್ರೋಲ್ ಪಂಪ್, ಅದರ ರಿಲೇ, ಕಾಯಿಲ್, ಕ್ರ್ಯಾಂಕ್ ಸೆನ್ಸರ್ ಇವುಗಳನ್ನು ನೋಡಬೇಕು. ಹಿಂದಿನ ಸೀಟಿನ ಕಡೆ ಕಿವಿಗೊಟ್ಟು ಕೀ ಆನ್ ಮಾಡಿ. ಟ್ಯಾಂಕಿನೊಳಗೆ ಪಂಪ್ ಇರುವ ಕಾರಾದರೆ ಎರಡು ಸೆಕೆಂಡ್ "ಜುಂಯ್" ಎಂಬ ಸಣ್ಣ ಸದ್ದು ಬರಬೇಕು.

ಬಿಸಿಯಾದಾಗ ಮಾತ್ರ ಏಕೆ?

ಓಡುತ್ತಿರುವ ಕಾರಿಗೆ ಗಾಳಿ ತಾಗುತ್ತದೆ, ನೀರು ಸುತ್ತುತ್ತದೆ. ಇಂಜಿನ್ ಆಫ್ ಮಾಡಿದ ಕೂಡಲೇ ಎರಡೂ ನಿಲ್ಲುತ್ತವೆ, ಆದರೆ ಇಂಜಿನ್‌ನೊಳಗಿನ ಬಿಸಿ ಹೊರಬರುತ್ತಲೇ ಇರುತ್ತದೆ. ಆದ್ದರಿಂದ ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಬಾನೆಟ್ ಒಳಗಿನ ತಾಪಮಾನ ಇಳಿಯುವ ಬದಲು ಏರುತ್ತದೆ. ಹಂಪಿಯ ವಿಠ್ಠಲ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟು ಎರಡು ಗಂಟೆ ಸುತ್ತಾಡಿ ಬಂದಾಗ ಸ್ಟಾರ್ಟ್ ಆಗುವ ಕಾರು, ಹತ್ತು-ಹದಿನೈದು ನಿಮಿಷದ ಚಹಾ ವಿರಾಮದ ನಂತರ ಹಟ ಹಿಡಿಯುವುದು ಇದಕ್ಕೇ.

ತಾಮ್ರ ಬಿಸಿಯಾದಷ್ಟೂ ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡುತ್ತದೆ. ಸವೆದ ಸೊಲೆನಾಯ್ಡ್, ತುಕ್ಕು ಹಿಡಿದ ವೈರ್ ತಣ್ಣಗಿದ್ದಾಗ ಹೇಗೋ ಕೆಲಸ ಮಾಡಿ, ಬಿಸಿಯಾದಾಗ ಸೋಲುತ್ತವೆ. ಕ್ರ್ಯಾಂಕ್ ಸೆನ್ಸರ್ ಕೂಡ ಬಿಸಿಗೆ ಕೈಕೊಟ್ಟು ತಣ್ಣಗಾದ ಮೇಲೆ ಸರಿಹೋಗುವುದುಂಟು. ಕಾರ್ಬ್ಯುರೇಟರ್ ಇರುವ ಹಳೇ ಅಂಬಾಸಿಡರ್, ಪದ್ಮಿನಿ, ಮೊದಲ ಕಾಲದ ಮಾರುತಿ 800ರಂತಹ ಕಾರುಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪ್ ಎಳೆಯಲಾರದು, ಇಲ್ಲವೇ ಕಾರ್ಬ್ಯುರೇಟರ್‌ನಿಂದ ಉಕ್ಕಿ ಇಂಜಿನ್‌ಗೆ ಅತಿಯಾಗಿ ಇಳಿಯುತ್ತದೆ. ಬಾನೆಟ್ ತೆರೆದು 20-30 ನಿಮಿಷ ಕಾಯುವುದೇ ಇದಕ್ಕೆ ಸುರಕ್ಷಿತ ದಾರಿ.

ಬ್ಯಾಟರಿಗೂ ಬಿಸಿಲು ಶತ್ರುವೇ. ಶಾಖ ಹೆಚ್ಚಿದಷ್ಟೂ ಒಳಗಿನ ಪ್ಲೇಟ್‌ಗಳು ಬೇಗ ಸವೆಯುತ್ತವೆ, ನೀರು ಬೇಗ ಆರುತ್ತದೆ. ಅದಕ್ಕೆ ಊರಿನ ಧೂಳೂ ಸೇರುತ್ತದೆ. ಸಂಡೂರಿನ ಅದಿರಿನ ಕೆಂಪು ಧೂಳಾಗಲಿ, ಕಂಪ್ಲಿಯ ಗದ್ದೆ ದಾರಿಯ ಕೆಸರಾಗಲಿ, ಬ್ಯಾಟರಿಯ ಮೇಲೆ ತೇವದ ಜೊತೆ ಕೂತರೆ ಚಾರ್ಜ್ ನಿಧಾನಕ್ಕೆ ಸೋರುತ್ತದೆ, ಟರ್ಮಿನಲ್‌ಗೆ ತುಕ್ಕು ಬೇಗ ಹಿಡಿಯುತ್ತದೆ.

ಒಂದು ಮಲ್ಟಿಮೀಟರ್, ನಾಲ್ಕು ಅಳತೆ

ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಸಾವಿರಾರು ರೂಪಾಯಿ ಉಳಿಸಬಲ್ಲದು. ಅಳೆಯುವಾಗ ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ಸೆಲ್ಫ್ ಹೊಡೆಯಲು ಇನ್ನೊಬ್ಬರಿರಲಿ.

• ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್. 12.2 ಎಂದರೆ ಸುಮಾರು ಅರ್ಧ.
• ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಮತ್ತೆ ಪರೀಕ್ಷಿಸಿ. ಆಗಲೂ ಬಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು.
• ಇಂಜಿನ್ ಓಡುವಾಗ ಸುಮಾರು 13.8ರಿಂದ 14.5 ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಹಾಗಿದ್ದಾಗ ಹೊಸ ಬ್ಯಾಟರಿ ಹಾಕಿದರೂ ಅದೂ ಖಾಲಿಯಾಗುತ್ತದೆ.
• ಮೀಟರ್‌ನ ಒಂದು ಮೊನೆ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್‌ನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ಥ್ ವೈರ್ ದೋಷ. ನಮ್ಮ ಕಾರಿನ ಕಳ್ಳ ಸಿಕ್ಕಿದ್ದು ಇಲ್ಲೇ.

ಒಂದು ಮಾತು ನೆನಪಿರಲಿ: ಕಾರು ಸರಿಯಿರುವಾಗ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣಬಹುದು. ತೊಂದರೆ ಬಂದ ಕ್ಷಣದಲ್ಲೇ ಅಳೆಯಬೇಕು.

ಈ ಸಲಹೆಗಳನ್ನು ಫಾರ್ವರ್ಡ್ ಮಾಡಬೇಡಿ

ಲಾರಿಯಿಂದ ಕರೆಂಟ್: ದೊಡ್ಡ ಲಾರಿ, ಟಿಪ್ಪರ್‌ಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ವ್ಯವಸ್ಥೆ ಇರುತ್ತದೆ. ನಿಮ್ಮ ಕಾರಿನದು 12. ಜೋಡಿಸಿದರೆ ಕಾರಿನ ಇಸಿಎಂ ಸುಟ್ಟುಹೋಗಬಹುದು, ಬ್ಯಾಟರಿಯೇ ಸಿಡಿಯಬಹುದು. ಅದಿರು ಲಾರಿಗಳು ಓಡಾಡುವ ನಮ್ಮ ಭಾಗದಲ್ಲಿ ಈ ಎಚ್ಚರ ಬೇಕೇ ಬೇಕು. 12 ವೋಲ್ಟ್‌ನ ಇನ್ನೊಂದು ಕಾರಿನಿಂದ ಕೊಡುವಾಗಲೂ ಮೊದಲು ಪ್ಲಸ್‌ಗೆ ಪ್ಲಸ್ ಜೋಡಿಸಿ. ಆಮೇಲೆ ಕಪ್ಪು ವೈರನ್ನು ಚಾರ್ಜ್ ಇರುವ ಬ್ಯಾಟರಿಯ ಮೈನಸ್‌ಗೆ ಹಾಕಿ. ಅದರ ಇನ್ನೊಂದು ತುದಿಯನ್ನು ಕೊನೆಗೆ ಕೆಟ್ಟ ಕಾರಿನ ಇಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಸಿಕ್ಕಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಹತ್ತಿರದ ಒಂದು ಕಿಡಿ ಸಾಕು.

ಇಂಜಿನ್ ಮೇಲೆ ತಣ್ಣೀರು: ಕಾದ ಲೋಹ ಒಮ್ಮೆಲೇ ತಣಿದರೆ ಬಿರುಕು ಬಿಡಬಹುದು. ಕಾಯಿಲ್, ವೈರ್‌ಗಳಿಗೆ ನೀರು ಹೋದರೆ ಇನ್ನೊಂದು ತೊಂದರೆ ಶುರು.

ಇಂಜಿನ್ ಓಡುವಾಗ ಟರ್ಮಿನಲ್ ಕಿತ್ತು "ಡೈನಮೋ ಚೆಕ್": ವೋಲ್ಟೇಜ್ ದಿಢೀರನೆ ಏರಿ ಎಲೆಕ್ಟ್ರಾನಿಕ್ ಭಾಗಗಳು ಹಾಳಾಗುತ್ತವೆ. ಮೀಟರ್ ಇರುವಾಗ ಇದರ ಅಗತ್ಯವೇ ಇಲ್ಲ.

ಬ್ಯಾಟರಿಗೆ ಆಸಿಡ್ ತುಂಬಿಸುವುದು: ಆರುವುದು ನೀರು ಮಾತ್ರ. ತುಂಬಿಸುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಸಾಕು.

ಟರ್ಮಿನಲ್‌ಗೆ ಕೋಲಾ ಸುರಿಯುವುದು: ಅರ್ಧ ಸತ್ಯ. ಪಾನೀಯದಲ್ಲಿರುವ ಆಮ್ಲಕ್ಕೆ ತುಕ್ಕು ಸ್ವಲ್ಪ ಬಿಡುತ್ತದೆ, ಆದರೆ ಸಕ್ಕರೆಯ ಅಂಟು ಉಳಿಯುತ್ತದೆ. ಬ್ಯಾಟರಿಯದು ಆಮ್ಲದ ಪುಡಿ, ಅದನ್ನು ಶಮನ ಮಾಡುವುದು ಅಡುಗೆ ಸೋಡಾ. ಮೊದಲು ಮೈನಸ್ ಟರ್ಮಿನಲ್, ಆಮೇಲೆ ಪ್ಲಸ್ ಬಿಚ್ಚಿ. ಸೋಡಾ ಬೆರೆಸಿದ ನೀರಿನಲ್ಲಿ ಹಳೇ ಬ್ರಷ್ ಅದ್ದಿ ಉಜ್ಜಿ, ಒರೆಸಿ, ತೆಳುವಾಗಿ ವ್ಯಾಸಲೀನ್ ಹಚ್ಚಿ. ಹಾಕುವಾಗ ಪ್ಲಸ್ ಮೊದಲು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು.

ಮೆಕ್ಯಾನಿಕ್ ಬಳಿ ಹೋಗುವ ಮೊದಲು

ಗ್ಯಾರೇಜಿಗೆ ಹೋದಾಗ ಕಾರು ಸರಿಯಾಗಿ ಸ್ಟಾರ್ಟ್ ಆಗಿ ನಮ್ಮ ಮಾನ ಕಳೆಯುವುದು ಎಲ್ಲರ ಅನುಭವ. ಅದಕ್ಕೆ ಉಪಾಯ ನಿಮ್ಮ ಫೋನಿನಲ್ಲೇ ಇದೆ. ತೊಂದರೆ ಬಂದಾಗ ಡ್ಯಾಶ್‌ಬೋರ್ಡ್ ದೀಪ ಕಾಣುವಂತೆ, ಸದ್ದು ಕೇಳುವಂತೆ ವಿಡಿಯೋ ಮಾಡಿ. ಎಷ್ಟು ದೂರ ಓಡಿತ್ತು, ನಿಲ್ಲಿಸಿ ಎಷ್ಟು ನಿಮಿಷವಾಗಿತ್ತು, ಬಿಸಿಲೋ ಮಳೆಯೋ ಎಂದು ಬರೆದಿಡಿ. ಕೀ ಗುರುತಿನ ದೀಪ ಮಿನುಗುತ್ತಿದ್ದರೆ ಅದನ್ನೂ ಹೇಳಿ, ಕೆಲವು ಕಾರುಗಳಲ್ಲಿ ಕೀಯನ್ನು ಗುರುತಿಸದೆ ಇಂಜಿನ್ ತಡೆಹಿಡಿಯುವ ವ್ಯವಸ್ಥೆ ಇರುತ್ತದೆ. ಇಂತಹ ನಾಲ್ಕೈದು ಟಿಪ್ಪಣಿ ಕಂಡರೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್‌ಗೆ ಎಲ್ಲಿಂದ ಹುಡುಕಬೇಕು ಎಂಬುದು ಗೊತ್ತಾಗುತ್ತದೆ.

ತೀರ್ಮಾನ

"ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಬದಲಿಸಿ" ಎಂಬ ಸಂದೇಶ ಅರ್ಧ ಸತ್ಯ. ತಣ್ಣೀರು, ಲಾರಿಯ ಕರೆಂಟ್, ಟರ್ಮಿನಲ್ ಕೀಳುವ ಸಲಹೆಗಳು ಅಪಾಯಕಾರಿ. ಮೊದಲು ಸದ್ದು ಕೇಳಿ, ಟರ್ಮಿನಲ್ ಮತ್ತು ಅರ್ಥ್ ವೈರ್ ನೋಡಿ, ಅಳತೆ ತೆಗೆಯಿರಿ. ಕೈಚೀಲ ಬಿಚ್ಚುವುದು ಕೊನೆಗಿರಲಿ. ಆ ಹಳೇ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಉತ್ತರವಾಗಿ ಇದನ್ನು ಕಳಿಸಿ.